ಖಾರಾ ಬನ್ನಿಗೆ ಪೂರ್ತಿ ಅಂಕ, ದಿಲ್‌ಪಸಂದಿಗೆ ಇಲ್ಲ: ವಿಲ್ಸನ್ ಗಾರ್ಡನ್ನಿನ ಒಂದು ಬೇಕರಿ

ಮೊದಲು ತಿಂಡಿಯ ಮಾತು. ವಿಲ್ಸನ್ ಗಾರ್ಡನ್ನಿನ ಒಂದು ಅಡ್ಡರಸ್ತೆಯಲ್ಲಿರುವ ಈ ಪುಟ್ಟ ಬೇಕರಿಯ ಖಾರಾ ಬನ್, ಈಗ ಬೆಂಗಳೂರಿನಲ್ಲಿ ಸಿಗುವ ಒಳ್ಳೆಯ ಖಾರಾ ಬನ್‌ಗಳಲ್ಲಿ ಒಂದು. ಈ ಮಾತನ್ನು ನಾನು ಸುಮ್ಮನೆ ಹೇಳುವವಳಲ್ಲ. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಶ್ರೀನಗರದಲ್ಲಿ ಅಯ್ಯಂಗಾರ್ ಬೇಕರಿ ಇಟ್ಟವರು. ಬೇಕರಿಯ ಹಿಂದೆಯೇ ನಮ್ಮ ಮನೆ. ಬೆಳಗಿನ ಜಾವ ಭಟ್ಟಿಯಿಂದ ಮೊದಲ ಟ್ರೇ ಹೊರಗೆ ಬರುವ ವಾಸನೆಗೇ ನಮಗೆಲ್ಲ ಎಚ್ಚರ.

ಬನ್ನನ್ನು ಅಡಿಮೇಲು ಮಾಡಿ ನೋಡಬೇಕು. ಹಲವು ಅಂಗಡಿಗಳಲ್ಲಿ ಮೇಲ್ಭಾಗ ಹೊಳೆಯುತ್ತಿರುತ್ತದೆ, ತಳ ಬೆಳ್ಳಗೆ ಹಸಿಹಸಿ. ಇಲ್ಲಿ ತಳವೂ ಒಂದೇ ಸಮ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮುರಿದರೆ ಒಳಗೆ ಎಳೆ ಎಳೆಯಾಗಿ ಬಿಡುತ್ತದೆ, ಉಂಡೆ ಕಟ್ಟುವುದಿಲ್ಲ. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು, ನೀರು ಹಿಂಡಿದ ಮೇಲೆಯೇ ಹಿಟ್ಟಿಗೆ ಸೇರಿಸಿದ್ದಾರೆ ಅನ್ನುವುದು ಮೊದಲ ತುತ್ತಿಗೇ ಗೊತ್ತಾಗುತ್ತದೆ. ಹಾಗೆ ಮಾಡದಿದ್ದರೆ ಈರುಳ್ಳಿ ಭಟ್ಟಿಯಲ್ಲಿ ನೀರು ಬಿಟ್ಟು, ಸುತ್ತಲಿನ ಹಿಟ್ಟು ಅಂಟಂಟಾಗುತ್ತದೆ. ಹಸಿಮೆಣಸಿನಕಾಯಿ ಧಾರಾಳ. ಸಬ್ಬಸಿಗೆ ಸೊಪ್ಪು ಇದೆ, ಕೊತ್ತಂಬರಿ ಇದೆ, ಸೋಂಪಿನ ಹಾವಳಿ ಇಲ್ಲ. ಬಿಸಿ ಇರುವಾಗಲೇ ಮೇಲೆ ಬೆಣ್ಣೆ ಸವರುತ್ತಾರೆ. ಇಪ್ಪತ್ತು ರೂಪಾಯಿ.

ರಸ್ಕ್ ಕೂಡ ಹಾಗೇ. ಬ್ರೆಡ್ಡನ್ನು ಒಂದು ದಿನ ಆರಲು ಬಿಟ್ಟು, ಸಮನಾಗಿ ಹೋಳು ಮಾಡಿ, ಸಣ್ಣ ಬಿಸಿಯಲ್ಲಿ ಎರಡನೇ ಸಲ ಸುಟ್ಟರೆ ನಡುವಿನವರೆಗೂ ಗರಿ ಗರಿ ಆಗುತ್ತದೆ. ಅವಸರ ಮಾಡಿದರೆ ಅಂಚು ಕರಕಲು, ನಡುವೆ ಮೆತ್ತಗೆ. ಇಲ್ಲಿ ಅವಸರ ಮಾಡುವವರಿಲ್ಲ. ಬೆಣ್ಣೆ ಬಿಸ್ಕತ್ತು ಪರವಾಗಿಲ್ಲ, ಬಾಯಲ್ಲಿ ಕರಗುತ್ತದೆ, ಆದರೆ ಸಕ್ಕರೆ ಒಂದು ಹಿಡಿ ಕಡಿಮೆ ಮಾಡಬಹುದಿತ್ತು.

ದಿಲ್‌ಪಸಂದ್ ಮಾತ್ರ ಸೋತಿದೆ. ಹೂರಣದ ಕೊಬ್ಬರಿ ಒಣಗಿ ಹೊಟ್ಟಾಗಿರುತ್ತದೆ, ಟೂಟಿ ಫ್ರೂಟಿ ಹುಡುಕಿದರೆ ಸಿಗುತ್ತದೆ, ಗೋಡಂಬಿ ಹುಡುಕಿದರೂ ಸಿಗುವುದಿಲ್ಲ. ಮೂವತ್ತು ರೂಪಾಯಿ ತೆಗೆದುಕೊಂಡು ಇದನ್ನು ಕೊಡಬಾರದು. ಹಸಿ ತೆಂಗಿನ ತುರಿಯನ್ನು ಸಕ್ಕರೆಯ ಜೊತೆ ಬಾಡಿಸಿ ಬಳಸಿ, ಒಣ ಪುಡಿ ಬೇಡ ಅಂತ ಅಲ್ಲಿಯ ಮೇಲ್ವಿಚಾರಕಿಗೆ ಹೇಳಿ ಬಂದೆ. ಫಿಲ್ಟರ್ ಕಾಫಿ ಬೆಳಿಗ್ಗೆ ಚೆನ್ನಾಗಿರುತ್ತದೆ. ಮಧ್ಯಾಹ್ನ ಮೂರರ ಮೇಲೆ ಅದೇ ಡಿಕಾಕ್ಷನ್ನಿಗೆ ನೀರು ಬೆರೆತಿರುತ್ತದೆ, ಕುಡಿಯಬೇಡಿ.

ಇಷ್ಟನ್ನು ಮೊದಲೇ ಬರೆದದ್ದಕ್ಕೆ ಕಾರಣ ಇದೆ. ಈ ಬೇಕರಿಯಲ್ಲಿ ಹಿಟ್ಟು ನಾದುವವರು, ಬನ್ ಉರುಟುವವರು, ಬಿಲ್ ಬರೆಯುವವರು ಎಲ್ಲರೂ ದೀರ್ಘಕಾಲದ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡು, ಇಲ್ಲವೇ ಚೇತರಿಸಿಕೊಳ್ಳುತ್ತಾ, ಕೆಲಸಕ್ಕೆ ಬರುತ್ತಿರುವವರು. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದರೆ ಅರ್ಧ ಓದುಗರು ದಿಲ್‌ಪಸಂದಿನ ಬಗ್ಗೆ ನಾನು ಹೇಳಿದ್ದನ್ನು ಕ್ರೌರ್ಯ ಅಂದುಕೊಳ್ಳುತ್ತಿದ್ದರು, ಇನ್ನರ್ಧ ಖಾರಾ ಬನ್ನಿನ ಹೊಗಳಿಕೆಯನ್ನು ಕನಿಕರ ಅಂದುಕೊಳ್ಳುತ್ತಿದ್ದರು. ಎರಡೂ ಅಲ್ಲ. ಬನ್ ಚೆನ್ನಾಗಿದೆ, ದಿಲ್‌ಪಸಂದ್ ಚೆನ್ನಾಗಿಲ್ಲ.

ಅಂಗಡಿಯ ಹೆಸರನ್ನೂ ಇಲ್ಲಿ ಹಾಕುತ್ತಿಲ್ಲ. ಬರೆಯಲೇ ಅಂತ ಕೇಳಿದಾಗ, "ತಿಂಡಿ ಬಗ್ಗೆ ಏನು ಬೇಕಾದ್ರೂ ಬರೀರಿ ಮೇಡಂ, ಹೆಸರು ಮಾತ್ರ ಬೇಡ. ಹೋದ ಸಲ ಯಾರೋ ವಿಡಿಯೋ ಹಾಕಿದ್ರು, ಆಮೇಲೆ ಜನ ತಿನ್ನಕ್ಕಲ್ಲ, ನೋಡಕ್ಕೆ ಬಂದ್ರು" ಎಂದರು ಮೇಲ್ವಿಚಾರಕಿ. ಆ ಸುತ್ತಮುತ್ತ ಇರುವವರಿಗೆ ಗುರುತು ಸಿಕ್ಕೇ ಸಿಗುತ್ತದೆ, ಅಷ್ಟು ಸಾಕು.

ನೋಡಲು ಬರುವವರು. ಆ ಮಾತು ಕೇಳಿದಾಗ ನನಗೆ ಲಂಡನ್ನಿನ ಬೆತ್ಲೆಮ್ ಹುಚ್ಚಾಸ್ಪತ್ರೆ ನೆನಪಾಗದೆ ಇರಲಿಲ್ಲ. ನಿವೃತ್ತಿಯಾಗುವವರೆಗೂ ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಬ್ರಿಟನ್ನಿನ ಬಡವರ ಕಾನೂನು, ಅನಾಥಾಲಯ, ಹುಚ್ಚಾಸ್ಪತ್ರೆಗಳ ಕಥೆ ನಾನು ಹೆಚ್ಚು ಓದಿದ, ಹೆಚ್ಚು ಕಲಿಸಿದ ಭಾಗ. ಬೆತ್ಲೆಮ್ ಶುರುವಾದದ್ದು 1247ರಲ್ಲಿ, ಕ್ರೈಸ್ತ ಸನ್ಯಾಸಿಗಳ ಒಂದು ಮಠವಾಗಿ. ಮುಂದೆ ಅದು ಬುದ್ಧಿ ಕೆಟ್ಟವರನ್ನು ಇಟ್ಟುಕೊಳ್ಳುವ ಜಾಗವಾಯಿತು. 1676ರಲ್ಲಿ ಮೂರ್‌ಫೀಲ್ಡ್ಸ್ ಎಂಬಲ್ಲಿ ರಾಬರ್ಟ್ ಹುಕ್ ಯೋಜಿಸಿದ ಹೊಸ ಕಟ್ಟಡಕ್ಕೆ ಹೋಯಿತು. ಹೊರಗಿನಿಂದ ನೋಡಿದರೆ ಅರಮನೆ. ಹೆಬ್ಬಾಗಿಲ ಮೇಲೆ ಕಲ್ಲಿನ ಎರಡು ದೊಡ್ಡ ಮೂರ್ತಿಗಳು, ಒಂದು ವಿಷಣ್ಣತೆಗೆ, ಇನ್ನೊಂದು ಸಂಕೋಲೆ ತೊಟ್ಟ ಉನ್ಮಾದಕ್ಕೆ. ಒಳಗೆ ಹೋಗಿ ರೋಗಿಗಳನ್ನು ನೋಡಿ ಬರುವುದು ಆಗಿನ ಲಂಡನ್ನಿನವರಿಗೆ ರಜಾದಿನದ ಮನರಂಜನೆ. ಬಾಗಿಲಲ್ಲಿ ಕಾಣಿಕೆ ಪೆಟ್ಟಿಗೆ ಇತ್ತು. ನೋಡಲು ಬಂದವರು ಕಾಸು ಹಾಕುತ್ತಾರೆ, ಆ ಕಾಸಿನಿಂದ ಆಸ್ಪತ್ರೆ ನಡೆಯುತ್ತದೆ ಎಂಬುದು ಲೆಕ್ಕ. ಒಳಗಿದ್ದವರನ್ನು ಕೆಣಕಿ ರೇಗಿಸಿ ನಕ್ಕು ಬರುವವರಿದ್ದರು. 1770ರಲ್ಲಿ ಚೀಟಿ ಇದ್ದವರಿಗಷ್ಟೇ ಪ್ರವೇಶ ಎಂದು ನಿಯಮ ಬಂತು.

ಅಲ್ಲಿಗೆ ಆ ಚಟ ಮುಗಿಯಿತು ಅಂದುಕೊಳ್ಳಬೇಡಿ, ಯಾಕೆಂದರೆ ಅದು ಬರಿಯ ಕೆಟ್ಟ ಜನರ ಚಟ ಆಗಿರಲಿಲ್ಲ. ಒಳ್ಳೆಯವರು, ದಾನಿಗಳು, ಮರುಕದ ಮನಸ್ಸಿನವರು ಕೂಡ ನೋಡಲು ಹೋಗುತ್ತಿದ್ದರು. ಥಾಮಸ್ ಕೋರಮ್ ಎಂಬ ಹಡಗಿನ ಕಪ್ತಾನ ಲಂಡನ್ನಿನ ಬೀದಿಯಲ್ಲಿ ಸಾಯಲು ಬಿಟ್ಟ ಮಕ್ಕಳನ್ನು ಕಂಡು, ವರ್ಷಗಟ್ಟಲೆ ಅಲೆದು, 1739ರಲ್ಲಿ ರಾಜನ ಸನ್ನದು ಪಡೆದು ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಅನಾಥಾಲಯ ತೆರೆದ. ಮೊದಲ ಮಕ್ಕಳು ಬಂದದ್ದು 1741ರಲ್ಲಿ. ಮಗುವನ್ನು ಬಿಟ್ಟುಹೋಗುವ ತಾಯಂದಿರು ಮುಂದೊಂದು ದಿನ ಗುರುತು ಹಿಡಿಯಲು ಬಟ್ಟೆಯ ಚೂರು, ಸವೆದ ನಾಣ್ಯ, ಗುಂಡಿ ಏನಾದರೊಂದನ್ನು ಬಿಟ್ಟು ಹೋಗುತ್ತಿದ್ದರು. ಅಂಥ ಗುರುತುಗಳು ಇವತ್ತಿಗೂ ಉಳಿದಿವೆ. ಕೋರಮ್‌ನದು ನಿಜವಾದ ಕರುಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಮನೆಯ ಮಕ್ಕಳು ಭಾನುವಾರ ಸಾಲಾಗಿ ಕೂತು ಊಟ ಮಾಡುವುದನ್ನು ನೋಡಲು ಸಿರಿವಂತರು ಬರುತ್ತಿದ್ದರು. 1758ರಲ್ಲಿ ದಾರಿ ತಪ್ಪಿದ ಹೆಂಗಸರಿಗಾಗಿ ಎಂದು ತೆರೆದ ಮ್ಯಾಗ್ಡಲೆನ್ ಆಶ್ರಯದ ಪ್ರಾರ್ಥನೆಗೂ ದೊಡ್ಡ ಮನೆತನದವರು ಚೀಟಿ ಪಡೆದು ಬಂದು ಕೂರುತ್ತಿದ್ದರು. ದಾನ ಕೊಟ್ಟವರಿಗೆ ನೋಡುವ ಹಕ್ಕೂ ಸಿಗುತ್ತಿತ್ತು.

ನಮ್ಮೂರಿನಲ್ಲೂ ಇದನ್ನು ಕಂಡಿದ್ದೇನೆ. ಒಂದು ಅಪಾರ್ಟ್‌ಮೆಂಟಿನ ದೀಪಾವಳಿ ಸಂತೆಯಲ್ಲಿ ಸಂಸ್ಥೆಯೊಂದು ಮೇಣದ ಬತ್ತಿ, ಹಣತೆ ಮಾರುತ್ತಿತ್ತು. ಮೇಜಿನ ಹಿಂದೆ ಅವನ್ನು ಮಾಡಿದವರನ್ನು ಸಾಲಾಗಿ ನಿಲ್ಲಿಸಿದ್ದರು. ಪ್ರತಿಯೊಬ್ಬರ ಕೊರಳಲ್ಲೂ ಒಂದು ರಟ್ಟು, ಅದರ ಮೇಲೆ ಹೆಸರು, ವಯಸ್ಸು, ಕಾಯಿಲೆ. ನಡುವಯಸ್ಸಿನ ಒಬ್ಬ ಗಂಡಸು ತನ್ನ ರಟ್ಟನ್ನು ಮತ್ತೆ ಮತ್ತೆ ತಿರುಗಿಸಿ ಖಾಲಿ ಬದಿ ಮುಂದೆ ಬರುವಂತೆ ಮಾಡುತ್ತಿದ್ದ. ಸಂಸ್ಥೆಯವರೊಬ್ಬರು ಬಂದು ಸರಿಮಾಡಿ ಹೋಗುತ್ತಿದ್ದರು. ಕೊಳ್ಳಲು ಬಂದವರು ಹಣತೆಯನ್ನು ಕೈಗೆತ್ತಿಕೊಂಡೂ ನೋಡದೆ ದುಡ್ಡು ಕೊಟ್ಟು ಹೋದರು. ನನಗೆ ಸಿಟ್ಟು ಬಂತು, ಇವತ್ತಿಗೂ ಇಳಿದಿಲ್ಲ. ಆ ಮನುಷ್ಯ ಅಷ್ಟು ಅಂದವಾಗಿ ಬಣ್ಣ ಹಚ್ಚಿದ್ದ.

ವಿಲ್ಸನ್ ಗಾರ್ಡನ್ನಿನ ಬೇಕರಿಯಲ್ಲಿ ರಟ್ಟು ಇಲ್ಲ. ಗೋಡೆಯ ಮೇಲೆ ಯಾರ ಕಣ್ಣೀರಿನ ಕಥೆಯೂ ಇಲ್ಲ. ಕೌಂಟರಿನ ಮೇಲೆ ದಾನದ ಡಬ್ಬಿ ಇಲ್ಲ, ಕ್ಯೂಆರ್ ಕೋಡ್ ಇರುವುದು ಬಿಲ್ ಕಟ್ಟಲು ಮಾತ್ರ. "ದಯವಿಟ್ಟು ಫೋಟೋ ತೆಗೆಯಬೇಡಿ" ಎಂದು ಕೈಬರಹದ ಒಂದು ಹಾಳೆ ಇದೆ, ಪಕ್ಕದಲ್ಲಿ ದರಪಟ್ಟಿ. ಒಬ್ಬ ಹಿರಿಯರು ಚಿಲ್ಲರೆ ಬೇಡ, ಇಟ್ಟುಕೊಳ್ಳಿ ಅಂದಾಗ ಬಿಲ್ ಬರೆಯುವ ಹುಡುಗ, "ಇಲ್ಲ ಸಾರ್, ಲೆಕ್ಕ ತಪ್ಪುತ್ತೆ" ಎಂದು ಹತ್ತು ರೂಪಾಯಿ ವಾಪಸ್ ಎಣಿಸಿ ಕೊಟ್ಟ. ನಾನು ಈ ಅಂಗಡಿಗೆ ಒಲಿದದ್ದು ಅಲ್ಲೇ.

ಇನ್ನು ಕೆಲಸ ಮತ್ತು ಕೂಲಿಯ ವಿಷಯ. ನನ್ನ ಮಟ್ಟಿಗೆ ಈ ವಿಮರ್ಶೆಯ ಮುಖ್ಯ ಭಾಗ ಇದೇ.

ಮಾನಸಿಕ ರೋಗಿಗಳನ್ನು ಮನುಷ್ಯರಂತೆ ನಡೆಸಿಕೊಂಡ ಮೊದಲ ಮನೆಗಳಲ್ಲಿ ಒಂದನ್ನು ಬ್ರಿಟನ್ನಿನಲ್ಲಿ ಕಟ್ಟಿದವನು ವೈದ್ಯನಲ್ಲ, ಚಹಾ ಕಾಫಿ ವ್ಯಾಪಾರಿ. ವಿಲಿಯಂ ಟ್ಯೂಕ್, ಯಾರ್ಕ್ ಊರಿನವನು, ಕ್ವೇಕರ್ ಎಂಬ ಕ್ರೈಸ್ತ ಪಂಥದವನು. 1790ರಲ್ಲಿ ಅದೇ ಪಂಥದ ಹ್ಯಾನಾ ಮಿಲ್ಸ್ ಎಂಬ ವಿಧವೆಯನ್ನು ಯಾರ್ಕ್ ಅಸೈಲಂಗೆ, ಅಂದರೆ ಆ ಊರಿನ ಹುಚ್ಚಾಸ್ಪತ್ರೆಗೆ ಸೇರಿಸಿದರು. ನೋಡಲು ಹೋದ ಪಂಥದವರನ್ನು ಒಳಗೆ ಬಿಡಲಿಲ್ಲ. ಕೆಲವೇ ವಾರಗಳಲ್ಲಿ ಆಕೆ ಅಲ್ಲೇ ತೀರಿಕೊಂಡಳು. ನಮ್ಮವರಿಗೆ ನಮ್ಮದೇ ಮನೆ ಬೇಕು ಎಂದು ಟ್ಯೂಕ್ ಹಣ ಕೂಡಿಸಿ 1796ರಲ್ಲಿ ರಿಟ್ರೀಟ್ ಎಂಬ ಮನೆ ತೆರೆದ. ಆ ಮನೆಯ ಬಗ್ಗೆ ಅವನ ಮೊಮ್ಮಗ ಸ್ಯಾಮ್ಯುಯೆಲ್ 1813ರಲ್ಲಿ ಬರೆದಿಟ್ಟ ವಿವರಗಳನ್ನು ಓದುವಾಗೆಲ್ಲ ಬೇಕರಿಯವರ ಮಗಳಾದ ನನಗೆ ಒಂದು ಸಂಗತಿ ತುಂಬಾ ಹಿಡಿಸುತ್ತದೆ. ರಾತ್ರಿ ನಿದ್ದೆ ಬಾರದೆ ಕಿರುಚಾಡುವ ರೋಗಿಗೆ ಆಗಿನ ವೈದ್ಯರು ಅಫೀಮು ಕೊಡುತ್ತಿದ್ದರು. ರಿಟ್ರೀಟಿನ ಮೇಲ್ವಿಚಾರಕ ಜಾರ್ಜ್ ಜೆಪ್ಸನ್ ಹೊಟ್ಟೆ ತುಂಬಾ ರಾತ್ರಿಯೂಟ ಕೊಟ್ಟು ನೋಡಿದ. ಮಾಂಸ, ಇಲ್ಲವೇ ಚೀಸು ರೊಟ್ಟಿ, ಜೊತೆಗೆ ಕಪ್ಪು ಬಿಯರ್. ಜನ ನಿದ್ದೆ ಹೋದರು. ಕಿಟಕಿಯ ಕಬ್ಬಿಣದ ಚೌಕಟ್ಟನ್ನು ಮರದ ಚೌಕಟ್ಟಿನಂತೆ ಕಾಣುವ ಹಾಗೆ ಮಾಡಿಸಿದ್ದರು. ಅಂಗಳದಲ್ಲಿ ಮೊಲ, ಕೋಳಿ ಬಿಟ್ಟಿದ್ದರು. ಒಳ್ಳೆಯ ಬಟ್ಟೆ ಹಾಕಿಕೊಂಡು ಬನ್ನಿ ಎಂದು ರೋಗಿಗಳನ್ನು ಚಹಾಕ್ಕೆ ಕರೆಯುತ್ತಿದ್ದರು.

ಟ್ಯೂಕ್ ಮನೆತನದ ಕೋಕೋ, ಚಾಕೊಲೇಟ್ ವ್ಯಾಪಾರವನ್ನು 1862ರಲ್ಲಿ ಹೆನ್ರಿ ಐಸಾಕ್ ರೌಂಟ್ರೀ ಕೊಂಡುಕೊಂಡ. ಅದೇ ರೌಂಟ್ರೀ ಕಂಪನಿ 1935ರಲ್ಲಿ ಹೊರತಂದ ಚಾಕೊಲೇಟು ಮುಂದೆ ಕಿಟ್‌ಕ್ಯಾಟ್ ಆಯಿತು. ನಮ್ಮ ಪ್ರತಿ ಬೀದಿಯ ಅಂಗಡಿಯಲ್ಲಿ ನೇತಾಡುವ ಆ ಕೆಂಪು ಪೊಟ್ಟಣದ ಮೂಲ ಹುಡುಕಿ ಹೋದರೆ ಕೊನೆಗೆ ಸಿಗುವುದು ಈ ಪುಣ್ಯಾತ್ಮನ ಮನೆಯವರ ಅಂಗಡಿ.

ಇತ್ತ ಯಾರ್ಕ್ ಅಸೈಲಂನ ಕಥೆಯೂ ಹೊರಬಿತ್ತು. 1814ರಲ್ಲಿ ಗಾಡ್‌ಫ್ರಿ ಹಿಗಿನ್ಸ್ ಎಂಬ ನ್ಯಾಯಾಧಿಕಾರಿ ಹಟ ಹಿಡಿದು ಒಂದು ಮುಚ್ಚಿದ ಬಾಗಿಲು ತೆಗೆಸಿದಾಗ, ಎಂಟಡಿ ಅಗಲದ ಕೋಣೆಗಳಲ್ಲಿ ಹೊಲಸಿನ ನಡುವೆ ಹದಿಮೂರು ಹೆಂಗಸರು ರಾತ್ರಿ ಕಳೆಯುತ್ತಿದ್ದುದು ಕಂಡಿತು. ಅದೇ ವರ್ಷ ಬೆತ್ಲೆಮ್‌ನಲ್ಲಿ ಕೊರಳಿಗೂ ಸೊಂಟಕ್ಕೂ ಕಬ್ಬಿಣ ಬಿಗಿದು ವರ್ಷಗಟ್ಟಲೆ ಕಟ್ಟಿಹಾಕಿದ್ದ ನಾರಿಸ್ ಎಂಬವನು ಸಿಕ್ಕ. ಮರುವರ್ಷ ಪಾರ್ಲಿಮೆಂಟಿನ ಸಮಿತಿ ಕೂತಿತು.

ಸರಪಳಿ ಬಿಚ್ಚಿದವರು ಮುಂದೆ ಒಬ್ಬಿಬ್ಬರಲ್ಲ. ಲಂಡನ್ನಿನ ಪಶ್ಚಿಮಕ್ಕೆ ಹ್ಯಾನ್‌ವೆಲ್ ಅಸೈಲಂ 1831ರಲ್ಲಿ ತೆರೆಯಿತು. ಅದರ ಮೊದಲ ಅಧಿಕಾರಿ ವಿಲಿಯಂ ಎಲ್ಲಿಸ್ ಮತ್ತು ಅವನ ಹೆಂಡತಿ ಮಿಲ್ಡ್ರೆಡ್, ಕೆಲಸವೇ ಔಷಧ ಎಂದು ನಂಬಿದವರು. ತೋಟ, ಬೇಕರಿ, ಹೊಲಿಗೆ, ಬಡಗಿ ಕೆಲಸ ಎಲ್ಲವನ್ನೂ ರೋಗಿಗಳೇ ಮಾಡುವಂತೆ ಏರ್ಪಾಡು ಮಾಡಿದರು. ಹೆಂಗಸರು ಕಸೂತಿ ಹಾಕಿದ ಚಿಕ್ಕಪುಟ್ಟ ವಸ್ತುಗಳನ್ನು ಅಲ್ಲೇ ಮಾರಾಟಕ್ಕೆ ಇಡುತ್ತಿದ್ದರು. 1839ರಲ್ಲಿ ಬಂದ ಜಾನ್ ಕಾನೊಲಿ ಕೆಲವೇ ತಿಂಗಳಲ್ಲಿ ಕೈಕೋಳ, ಬೆಲ್ಟು, ಕಟ್ಟುವ ಕುರ್ಚಿ ಎಲ್ಲವನ್ನೂ ನಿಲ್ಲಿಸಿದ. ಆಗ ಅಲ್ಲಿದ್ದವರು ಸುಮಾರು 800 ಜನ. ಕಲಿಸುವಾಗ ಈ ಭಾಗ ಬಂದರೆ ನನಗೆ ಗಂಟಲು ಕಟ್ಟುತ್ತಿತ್ತು. ಒಬ್ಬ ಮನುಷ್ಯ ಬೇಡ ಅಂದದ್ದಕ್ಕೆ ಅಷ್ಟೂ ಕಬ್ಬಿಣ ಉಗ್ರಾಣಕ್ಕೆ ಹೋಯಿತು.

ಆದರೆ ಕೆಲಸದ ಕಥೆ ಬೇರೆ ದಾರಿ ಹಿಡಿಯಿತು. 1845ರ ಕಾನೂನು ಇಂಗ್ಲೆಂಡ್, ವೇಲ್ಸಿನ ಪ್ರತಿ ಕೌಂಟಿಯೂ ಅಸೈಲಂ ಕಟ್ಟಲೇಬೇಕು ಎಂದಿತು. ಉದ್ದೇಶ ಒಳ್ಳೆಯದೇ. 1851ರಲ್ಲಿ ತೆರೆದ ಕಾಲ್ನಿ ಹ್ಯಾಚ್ 1,250 ಜನಕ್ಕೆಂದು ಕಟ್ಟಿದ್ದು, ಮುಂದಿನ ಶತಮಾನದಲ್ಲಿ ಅಲ್ಲಿದ್ದವರು 3,000 ದಾಟಿದ್ದರು. ಅಷ್ಟು ಜನರ ಬಟ್ಟೆ ಒಗೆಯಬೇಕು, ಅಷ್ಟು ಜನರಿಗೆ ಬ್ರೆಡ್ ಸುಡಬೇಕು, ಹೊಲ ಉಳಬೇಕು. ಎಲ್ಲಿಸ್ ದಂಪತಿ ಔಷಧ ಅಂದದ್ದು ನಿಧಾನವಾಗಿ ಸಂಸ್ಥೆಯ ಖರ್ಚು ಉಳಿಸುವ ದಾರಿಯಾಯಿತು. ಗಂಡಸರು ಹೊಲಕ್ಕೆ, ಹೆಂಗಸರು ಬಟ್ಟೆ ಒಗೆಯುವ ಮನೆಗೆ. ಕೂಲಿ ಅಂದರೆ ಒಂದಿಷ್ಟು ತಂಬಾಕು, ಒಂದು ಲೋಟ ಹೆಚ್ಚಿನ ಚಹಾ ಅಥವಾ ಬಿಯರ್. ಕೆಲಸ ಚೆನ್ನಾಗಿ ಬರುವವರನ್ನು ಮನೆಗೆ ಕಳಿಸಿದರೆ ಆ ಕೆಲಸ ಮಾಡುವವರು ಯಾರು? ಚೇತರಿಸಿಕೊಂಡವರೇ ಸಂಸ್ಥೆಗೆ ಹೆಚ್ಚು ಬೇಕಾದವರಾದರು.

ಇದನ್ನು ಓದುವಾಗ ನಾನು ಚಿಕ್ಕಪ್ಪನನ್ನು ನೆನೆಯದೆ ಇರಲಾರೆ. ಅಪ್ಪನ ಕೊನೆಯ ತಮ್ಮ. ಹರೆಯದಲ್ಲಿ ಕಾಯಿಲೆ ಬಂತು, ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ ಇದ್ದು ಸುಧಾರಿಸಿಕೊಂಡು ಮನೆಗೆ ಬಂದರು. ಆ ಆಸ್ಪತ್ರೆಯ ಬೇರು ಇರುವುದು 1847ರಲ್ಲಿ ಡಾಕ್ಟರ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಪೇಟೆಯಲ್ಲಿ ತೆರೆದ ಬೆಂಗಳೂರು ಅಸೈಲಂನಲ್ಲಿ. ಈಗಿನ ಜಾಗಕ್ಕೆ ಬಂದದ್ದು 1930ರ ದಶಕದಲ್ಲಿ, ನಿಮ್ಹಾನ್ಸ್ ಆದದ್ದು 1974ರಲ್ಲಿ. ರೋಗಿಯ ಜೊತೆ ಮನೆಯವರೂ ಇದ್ದರೆ ಬೇಗ ವಾಸಿಯಾಗುತ್ತದೆ ಎಂದು ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಎಂ.ವಿ. ಗೋವಿಂದಸ್ವಾಮಿಯವರ ಕಾಲದಲ್ಲೇ ಅಲ್ಲಿ ಮನೆಯವರನ್ನು ಉಳಿಸಿಕೊಳ್ಳುತ್ತಿದ್ದರು. ನಮ್ಮಜ್ಜಿ ಚಿಕ್ಕಪ್ಪನ ಜೊತೆ ಅಲ್ಲೇ ಇದ್ದವರು, ದಾದಿಯರನ್ನು ಕೊನೆಯವರೆಗೂ ಹೊಗಳುತ್ತಿದ್ದರು.

ಮನೆಗೆ ಬಂದ ಚಿಕ್ಕಪ್ಪ ಬೇಕರಿಯಲ್ಲಿ ರಸ್ಕಿನ ಬ್ರೆಡ್ ಹೋಳು ಮಾಡುವ ಕೆಲಸ ಹಿಡಿದರು. ಅಷ್ಟು ಸಮನಾಗಿ ಕೊಯ್ಯುವವರನ್ನು ನಾನು ಬೇರೆ ಕಂಡಿಲ್ಲ. ಎಡಗೈಯ ಹೆಬ್ಬೆರಳನ್ನು ಬ್ರೆಡ್ಡಿನ ಅಂಚಿಗೆ ಒತ್ತಿ ಅಳತೆ ಹಿಡಿದು, ಚಾಕುವನ್ನು ಒತ್ತದೆ ಎಳೆಯುತ್ತಿದ್ದರು, ಪುಡಿ ಉದುರುತ್ತಿರಲಿಲ್ಲ. ಶನಿವಾರ ಸಂಜೆ ಬಟವಾಡೆ. ಕೆಂಪು ಬಟ್ಟೆಯ ಲೆಕ್ಕದ ಪುಸ್ತಕದಲ್ಲಿ ಒಬ್ಬೊಬ್ಬ ಕೆಲಸಗಾರನ ಹೆಸರು, ಮುಂದೆ ದಿನಗಳು, ಮುಂಗಡ, ಬಾಕಿ, ಕೊನೆಗೆ ರುಜು ಅಥವಾ ಹೆಬ್ಬೆಟ್ಟು. ಅಪ್ಪ ತೀರಿಕೊಂಡ ಮೇಲೆ ಆ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ. ಚಿಕ್ಕಪ್ಪನ ಹೆಸರು ಎಲ್ಲೂ ಇಲ್ಲ. ಮನೆಯವನೇ ಅಲ್ಲವೇ, ಊಟ ಬಟ್ಟೆ ಔಷಧಿ ಎಲ್ಲ ನಡೆಯುತ್ತಿತ್ತಲ್ಲವೇ. ಅಪ್ಪನಿಗೆ ತಮ್ಮನ ಮೇಲೆ ಜೀವ. ಆದರೂ ಬೇರೆಯವರೆಲ್ಲ ಸಾಲಿನಲ್ಲಿ ನಿಂತು ದುಡ್ಡು ಎಣಿಸಿಕೊಳ್ಳುವಾಗ ಚಿಕ್ಕಪ್ಪ ಪಕ್ಕದಲ್ಲಿ ಟ್ರೇ ಒರೆಸುತ್ತಾ ನಿಂತಿರುತ್ತಿದ್ದರು. ಬೀಡಿಗೆ ಬೇಕಾದರೆ ಅತ್ತಿಗೆಯನ್ನು, ಅಂದರೆ ನಮ್ಮಮ್ಮನನ್ನು ಕೇಳಬೇಕಿತ್ತು.

ಹಾಗಾಗಿ ಈ ಬೇಕರಿಯಲ್ಲಿ ನಾನು ನೇರವಾಗಿ ಕೇಳಿದ್ದು ಸಂಬಳದ ವಿಷಯ. ಮೇಲ್ವಿಚಾರಕಿ ಮುಚ್ಚಿಡದೆ ಹೇಳಿದರು. ಗಂಟೆಯ ಲೆಕ್ಕ, ಎಲ್ಲರಿಗೂ ಒಂದೇ ದರ, ತಿಂಗಳ ಮೊದಲ ವಾರ ಅವರವರ ಬ್ಯಾಂಕ್ ಖಾತೆಗೇ ಹೋಗುತ್ತದೆ, ಅಪ್ಪ ಅಮ್ಮಂದಿರ ಕೈಗೆ ಅಲ್ಲ. ನಾಲ್ಕು ಗಂಟೆಯ ಪಾಳಿ. ಔಷಧಿಯ ಮಂಪರು ಇರುವವರಿಗೆ ಬೆಳಗಿನ ಪಾಳಿ ಹಾಕುವುದಿಲ್ಲ. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿ ಬಿಟ್ಟು ಹೋಗುವವರು ಹೇಳಿದರೆ ತಡೆಯುವುದಿಲ್ಲ, ಅನುಭವದ ಪತ್ರ ಕೊಟ್ಟು ಕಳಿಸುತ್ತಾರೆ. "ಚೆನ್ನಾಗಿ ಕಲ್ತೋರೆಲ್ಲ ಹೋಗ್ಬಿಡ್ತಾರೆ ಮೇಡಂ, ಅದಕ್ಕೇ ದಿಲ್‌ಪಸಂದ್ ಹಿಂಗಾಗಿದೆ. ಅದನ್ನ ಮಾಡ್ತಿದ್ದ ಹುಡುಗಿ ಈಗ ಜಯನಗರದಲ್ಲಿ ದೊಡ್ಡ ಬೇಕರಿ ಸೇರಿದಾಳೆ" ಎಂದರು. ಸಂಸ್ಥೆಗೆ ಬೇಕಾದವರನ್ನೇ ಹೊರಗೆ ಕಳಿಸುವ ಈ ಧೈರ್ಯ ಆ ದೊಡ್ಡ ಅಸೈಲಂಗಳಿಗೆ ಬರಲಿಲ್ಲ.

ಇಎಸ್ಐ ಮಾಡಿಸಿದ್ದೀರಾ ಎಂದು ಕೇಳಿದೆ. ಇನ್ನೂ ಇಲ್ಲ, ವಿಚಾರಿಸುತ್ತಿದ್ದೇವೆ ಅಂದರು. ಇದು ಸಾಲದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಆಸ್ಪತ್ರೆ, ಆಶ್ರಯಗಳ ಒಳಗಿರುವವರ ಬಗ್ಗೆಯೇ ಸ್ಪಷ್ಟವಾಗಿ ಹೇಳಿದೆ: ಯಾರನ್ನೂ ಬಲವಂತದಿಂದ ಕೆಲಸಕ್ಕೆ ಹಚ್ಚುವಂತಿಲ್ಲ, ಮಾಡಿದ ಕೆಲಸಕ್ಕೆ ತಕ್ಕ ಸಂಭಾವನೆ ಕೊಡಬೇಕು. ಒಳಗಿರುವವರಿಗೇ ಅಷ್ಟು ಹಕ್ಕಿದ್ದ ಮೇಲೆ, ದಿನಾ ಬಸ್ ಹತ್ತಿ ಹೊರಗಿನ ಅಂಗಡಿಗೆ ಕೆಲಸಕ್ಕೆ ಬರುವವರಿಗೆ ಸಂಬಳದ ಜೊತೆ ವಿಮೆ, ರಜೆ ಎಲ್ಲವೂ ಇರಬೇಕು. ಸಣ್ಣ ಅಂಗಡಿ, ಕಷ್ಟ ಇದೆ, ಒಪ್ಪಿದೆ. ಆದರೂ ಮಾಡಿಸಿ.

ಸಂಬಳದ ಮಾತಿನಲ್ಲಿ ನಾನು ಇಷ್ಟು ಗಟ್ಟಿಯಾಗಿರುವುದಕ್ಕೆ 1920ರ ಒಂದು ನಡಿಗೆಯೂ ಕಾರಣ. ಬ್ರಿಟನ್ನಿನಲ್ಲಿ ಕುರುಡರಿಗೆ ಬುಟ್ಟಿ, ಬ್ರಷ್, ಚಾಪೆ ಮಾಡಲು ಕಲಿಸುವ ಧರ್ಮಸಂಸ್ಥೆಗಳು ಬಹಳ ಹಿಂದಿನಿಂದ ಇದ್ದವು. ಲಿವರ್‌ಪೂಲಿನ ಶಾಲೆ ಶುರುವಾದದ್ದು 1791ರಲ್ಲೇ, ಅದರ ಹಿಂದಿದ್ದ ಎಡ್ವರ್ಡ್ ರಶ್ಟನ್ ತಾನೂ ಕಣ್ಣು ಕಳೆದುಕೊಂಡಿದ್ದ ಕವಿ. ಕಾಲ ಕಳೆದಂತೆ ಅಂಥ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಸಿಗುತ್ತಿದ್ದ ಕೂಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ. ಅವರೇ ಸಂಘ ಕಟ್ಟಿಕೊಂಡು, ಏಪ್ರಿಲ್ 1920ರಲ್ಲಿ ಮ್ಯಾಂಚೆಸ್ಟರ್, ಲೀಡ್ಸ್, ನ್ಯೂಪೋರ್ಟ್ ಊರುಗಳಿಂದ ಲಂಡನ್ನಿಗೆ ನಡೆದರು. ಒಬ್ಬರ ತೋಳು ಒಬ್ಬರು ಹಿಡಿದು ನಡೆದ ಆ ಸಾಲುಗಳ ಘೋಷಣೆ ಒಂದೇ: ದಾನವಲ್ಲ, ನ್ಯಾಯ. ಅದೇ ವರ್ಷ ಅಂಧರ ಕಾಯಿದೆ ಬಂತು. ಅವರು ಕೇಳಿದಷ್ಟು ಅದರಲ್ಲಿ ಇರಲಿಲ್ಲ, ಆದರೆ ನಡೆಯದೆ ಇದ್ದಿದ್ದರೆ ಅಷ್ಟೂ ಬರುತ್ತಿರಲಿಲ್ಲ.

ಮತ್ತೆ ಅಂಗಡಿಗೆ. ಸೇವೆ ನಿಧಾನ. ಬಿಲ್ಲನ್ನು ಕಾರ್ಬನ್ ಹಾಳೆ ಇಟ್ಟು ಕೈಯಲ್ಲೇ ಬರೆಯುತ್ತಾರೆ, ಒಬ್ಬರದು ಪೂರ್ತಿ ಮುಗಿಯದೆ ಇನ್ನೊಬ್ಬರದು ಶುರು ಮಾಡುವುದಿಲ್ಲ. ನನ್ನ ಹಿಂದೆ ನಿಂತಿದ್ದ ಹೆಂಗಸು ಗಡಿಯಾರ ನೋಡಿಕೊಂಡಾಗ ಕೌಂಟರಿನಲ್ಲಿದ್ದ ಹುಡುಗಿ, "ಅಕ್ಕಾ, ಐದು ನಿಮಿಷ ಆಗುತ್ತೆ, ಅವಸರ ಇದ್ರೆ ಬೆಳಿಗ್ಗೆ ಬನ್ನಿ, ಜನ ಕಮ್ಮಿ ಇರ್ತಾರೆ" ಎಂದಳು. ಮುಖ ಗಂಟಿಕ್ಕದೆ, ಕ್ಷಮೆ ಬೇಡದೆ ಹೇಳಿದ ಮಾತು. ಸಂಜೆ ಆಫೀಸು ಬಿಡುವ ಹೊತ್ತಿಗೆ ಹೋದರೆ ಕಾಯಬೇಕು, ತಿಳಿದಿರಲಿ.

ಬ್ರೆಡ್ಡನ್ನು ಎದುರಿಗೇ ತಕ್ಕಡಿಯಲ್ಲಿಟ್ಟು ತೋರಿಸಿ ಕಟ್ಟುತ್ತಾರೆ, 400 ಗ್ರಾಂ. ತೂಕ ಕಡಿಮೆ ಬಂದದ್ದನ್ನು ಪಕ್ಕಕ್ಕಿಟ್ಟು ರಸ್ಕಿಗೆ ಹಾಕುತ್ತಾರೆ. ತೂಕದ ವಿಷಯ ಬಂದಾಗ ನನಗೆ ಬ್ರಿಟನ್ನಿನಲ್ಲಿ ನೆರವು ಕೇಳಿ ಬಂದ ಬಡವರನ್ನು ಇಡುತ್ತಿದ್ದ, 1834ರ ಬಡವರ ಕಾನೂನಿನ ದುಡಿಮೆಮನೆಗಳು ನೆನಪಾಗುತ್ತವೆ. ಗಂಡ ಹೆಂಡತಿ ಮಕ್ಕಳನ್ನು ಬೇರೆ ಬೇರೆ ಕೋಣೆಗೆ ಹಾಕಿ, ಹೊರಗಿನ ಅತಿ ಬಡ ಕೂಲಿಯವನಿಗಿಂತ ಕೀಳಾಗಿ ಬಾಳಿಸಬೇಕು ಎಂದು ಗೊತ್ತಿದ್ದೇ ಕಟ್ಟಿದ ಜಾಗಗಳವು. ಆ್ಯಂಡೋವರ್ ಎಂಬಲ್ಲಿ ಗೊಬ್ಬರಕ್ಕೆಂದು ಮೂಳೆ ಜಜ್ಜಲು ಕೂರಿಸಿದ್ದ ಜನ ಹಸಿವು ತಾಳದೆ ಆ ಕೊಳೆತ ಮೂಳೆಗಳನ್ನೇ ಚೀಪುತ್ತಿದ್ದುದು 1845ರಲ್ಲಿ ಬಯಲಾಗಿ, ಎರಡು ವರ್ಷಕ್ಕೆ ಆ ಮನೆಗಳನ್ನು ನೋಡಿಕೊಳ್ಳುತ್ತಿದ್ದ ಇಲಾಖೆಯನ್ನೇ ಬದಲಿಸಬೇಕಾಯಿತು. ಅಂಥ ಮನೆಗಳ ನಿಯಮದಲ್ಲೂ ಒಂದು ಸಾಲಿತ್ತು: ತನ್ನ ಪಾಲಿನ ರೊಟ್ಟಿಯನ್ನು ಕಣ್ಣೆದುರೇ ತೂಗಿ ಕೊಡಿ ಎಂದು ಒಳಗಿರುವವರು ಕೇಳಬಹುದು. ಇಲ್ಲಿ ತೂಗುವ ಕೈಗಳು ಯಾರವು ಎಂದು ನೋಡಿದಾಗ ನನಗೆ ಹೆಮ್ಮೆಯಾಯಿತು.

ಕೂರಲು ಆರು ಸ್ಟೂಲು, ಒಂದು ಉದ್ದ ಹಲಗೆ. ಕುಡಿಯುವ ನೀರು ಇದೆ. ಗಾಡಿ ನಿಲ್ಲಿಸಲು ಜಾಗ ಇಲ್ಲ, ಲಾಲ್‌ಬಾಗಿನ ಕಡೆಯಿಂದ ನಡೆದು ಬಂದರೆ ಉತ್ತಮ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ, ಭಾನುವಾರ ರಜೆ. ಮೊದಲ ಬಿಸಿ ಖಾರಾ ಬನ್ ಹನ್ನೊಂದಕ್ಕೆ, ಎರಡನೆಯದು ನಾಲ್ಕಕ್ಕೆ. ಸಮಾರಂಭಕ್ಕೆ ಬೇಕಾದರೆ ಎರಡು ದಿನ ಮುಂಚೆ ಹೇಳಿ ಮುಂಗಡ ಕಟ್ಟಬೇಕು, ನೂರಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ. ಕೆಲಸಗಾರರ ಮೇಲೆ ಒತ್ತಡ ಹಾಕುವುದಿಲ್ಲ ಎಂಬ ಈ ಮಿತಿಯನ್ನು ದಯವಿಟ್ಟು ಜಗ್ಗಾಡಬೇಡಿ. ಖಾರಾ ಬನ್, ರಸ್ಕ್, ಬ್ರೆಡ್ ಕೊಳ್ಳಿ. ಹೊಸ ಹುಡುಗ ದಿಲ್‌ಪಸಂದ್ ಕಲಿಯುತ್ತಿದ್ದಾನಂತೆ. ಮುಂದಿನ ತಿಂಗಳು ಮತ್ತೆ ತಿಂದು ನೋಡಿ ಬರೆಯುತ್ತೇನೆ, ಹೂರಣ ಸುಧಾರಿಸಿದ್ದರೆ ಅದನ್ನೂ, ಇಲ್ಲದಿದ್ದರೆ ಅದನ್ನೂ.